ಹನ್ನೆರಡನೆಯ ಜೀವ

ನನಗೆ ಸರಿಯಾದ ಹೆಸರಿಲ್ಲ. ಅಂಗಡಿಯವರು ಸ್ಟಾಂಪ್ ಪ್ಯಾಡ್ ಎನ್ನುತ್ತಾರೆ, ಹಳ್ಳಿಯವರು ಮಸಿ ಡಬ್ಬಿ ಎನ್ನುತ್ತಾರೆ, ಕಚೇರಿಯವರು ಕೈ ಚಾಚಿ ಬರೀ "ಅದು ಕೊಡ್ರೀ" ಎನ್ನುತ್ತಾರೆ. ನಾನು ಹುಟ್ಟಿದ್ದು ಬೆಂಗಳೂರಿನ ಕಾಮಾಕ್ಷಿಪಾಳ್ಯದ ಒಂದು ಶೀಟಿನ ಶೆಡ್ಡಿನಲ್ಲಿ. ಅಂಗೈ ಅಗಲದ ತಗಡಿನ ಡಬ್ಬಿ, ಒಳಗೆ ಒತ್ತಿ ಕೂರಿಸಿದ ಉಣ್ಣೆಯ ಗಾದಿ, ಮೇಲೆ ಬಿಗಿಯಾಗಿ ಎಳೆದು ಹೊದಿಸಿದ ಬಟ್ಟೆ. ಕೊನೆಗೆ ಒಬ್ಬಳು ಹೆಂಗಸು ನೇರಳೆ ಶಾಯಿ ಸುರಿದಳು. ಅಲ್ಲಿಯ ತನಕ ನಾನು ಬರೀ ತಗಡು. ಶಾಯಿ ಇಳಿದ ಮೇಲೆ ನನಗೆ ತಿಳಿವಳಿಕೆ ಬಂತು. ಅಷ್ಟರಲ್ಲಿ ಮುಚ್ಚಳ ಹಾಕಿದರು.

ನನ್ನ ಬದುಕಿನ ಬಹುಪಾಲು ಆ ಮುಚ್ಚಳದ ಕೆಳಗಿನ ಕತ್ತಲಲ್ಲೇ ಕಳೆದಿದೆ. ದೂರೇನಿಲ್ಲ. ಮುಚ್ಚಳ ತೆರೆದಾಗ ಮನುಷ್ಯರನ್ನು ಕೆಳಗಿನಿಂದ ನೋಡುತ್ತೇನೆ. ಗದ್ದ ಮತ್ತು ಮೂಗಿನ ಹೊಳ್ಳೆ ನನಗೆ ಚೆನ್ನಾಗಿ ಗೊತ್ತು. ಮುಖ ನೋಡಿ ಮೋಸ ಹೋಗುವ ಜಾತಿ ನನ್ನದಲ್ಲ. ಹೆಬ್ಬೆಟ್ಟು ಬಂದು ಒತ್ತಿತೆಂದರೆ ಸಾಕು, ಆ ಮನುಷ್ಯ ಹೆದರಿದ್ದಾನೋ, ಹಸಿದಿದ್ದಾನೋ, ಸುಳ್ಳು ಹೇಳುತ್ತಿದ್ದಾನೋ ತಿಳಿಯುತ್ತದೆ. ಒಮ್ಮೊಮ್ಮೆ ಇನ್ನೂ ಒಂದು ಆಗುತ್ತದೆ. ಅದನ್ನು ಮುಂದೆ ಹೇಳುತ್ತೇನೆ.

ನನ್ನನ್ನು ಕೊಂಡವನು ಹೊಂಬಾಳಯ್ಯ. ರಾಮನಗರದ ಒಂದು ಅಂಗಡಿಯಲ್ಲಿ ಏಳು ತಿಂಗಳು ಧೂಳು ಹಿಡಿದು ಕೂತಿದ್ದ ನನ್ನನ್ನು ಎತ್ತಿ, ಬದನೆಕಾಯಿ ಕೊಳ್ಳುವವರ ಹಾಗೆ ತಿರುವಿ ನೋಡಿದ. ಅವನು ರೇಷ್ಮೆ ಹುರಿ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾಗಿದ್ದ. ಕಾರ್ಖಾನೆ ಮುಚ್ಚಿದ ಮೇಲೆ ಪರೀಕ್ಷೆ ಕಟ್ಟಿ ವಿಮೆ ಏಜೆಂಟನಾದ. ಸಂಬಳವಿಲ್ಲ, ಮಾಡಿಸಿದಷ್ಟಕ್ಕೆ ಕಮಿಷನ್ನು.

"ಇನ್ನು ಯಾರ ಕೈಕೆಳಗೂ ಇಲ್ಲ ಕಣೆ ಗಂಗಾ. ಬೆಳಿಗ್ಗೆ ಎದ್ದು ಯಾರ ಮುಖಾನೂ ನೋಡ್ಬೇಕಾಗಿಲ್ಲ" ಎಂದು ಹೆಂಡತಿ ಗಂಗಲಕ್ಷ್ಮಮ್ಮನಿಗೆ ಹೇಳಿದ.

"ಒಬ್ರ ಮುಖ ತಪ್ಪಿ ಊರೋರ ಮುಖ ಎಲ್ಲಾ ನೋಡ್ಬೇಕಲ್ಲ" ಎಂದಳು ಆಕೆ. ಅವಳ ಬಾಯಿ ನನಗೆ ಅಂದಿನಿಂದಲೇ ಹಿಡಿಸಿತು.

ಅವನ ಗಿರಾಕಿಗಳು ಹೆಚ್ಚಾಗಿ ರೇಷ್ಮೆ ನೂಲು ತೆಗೆಯುವವರು, ಗೂಡಿನ ಮಾರುಕಟ್ಟೆಯ ಹಮಾಲರು, ಸಣ್ಣ ಅಂಗಡಿಯವರು. ಗೂಡನ್ನು ಕುದಿಯುವ ನೀರಿನಲ್ಲಿ ಬೇಯಿಸಿ, ಅದರಲ್ಲೇ ಬೆರಳಾಡಿಸಿ ಎಳೆಯ ತುದಿ ಹಿಡಿಯಬೇಕು. ಹತ್ತು ವರ್ಷ ಆ ಕೆಲಸ ಮಾಡಿದವರ ಬೆರಳಿನ ಗೆರೆ ಸವೆದಿರುತ್ತದೆ. ಸಹಿ ಬಾರದವರಿಗೆ ನಾನು. ಗಂಡಸರದ್ದು ಎಡಗೈ, ಹೆಂಗಸರದ್ದು ಬಲಗೈ. ಹೊಂಬಾಳಯ್ಯ ಫಾರಂ ಓದಿ ಹೇಳುತ್ತಿದ್ದ, ಅವರು ತಲೆಯಾಡಿಸುತ್ತಿದ್ದರು, ಆಮೇಲೆ ನನ್ನ ಮುಚ್ಚಳ ತೆರೆಯುತ್ತಿತ್ತು. ಸಾವು ಎಂಬ ಮಾತನ್ನು ಅವನು ಎಂದೂ ಆಡುತ್ತಿರಲಿಲ್ಲ. "ನಾಳೆ ಹೆಚ್ಚುಕಮ್ಮಿ ಆದ್ರೆ" ಎನ್ನುತ್ತಿದ್ದ. ಆ ಹೆಚ್ಚುಕಮ್ಮಿ ಎಂದರೇನೆಂದು ಕೇಳುವವರಿಗೂ ಗೊತ್ತಿತ್ತು.

ಆ ವಿಮೆ ಕಂಪನಿಯಲ್ಲಿ ಒಂದು ನಿಯಮ. ವರ್ಷಕ್ಕೆ ಹನ್ನೆರಡು ಜನರಿಗಾದರೂ ಹೊಸ ಪಾಲಿಸಿ ಮಾಡಿಸಬೇಕು. ಇಲ್ಲದಿದ್ದರೆ ಮಾರ್ಚ್ ಮುಗಿಯುತ್ತಿದ್ದಂತೆ ಏಜೆನ್ಸಿ ರದ್ದು. ಹಳೆಯ ಪಾಲಿಸಿಗಳಿಂದ ಬರುವ ಕಮಿಷನ್ನೂ ನಿಂತುಹೋಗುತ್ತದೆ. ಆದರೆ ಅವರ ಮಾತಿನಲ್ಲಿ ಇಷ್ಟು ಜನ ಎನ್ನುವುದಿಲ್ಲ, ಇಷ್ಟು ಜೀವ ಎನ್ನುತ್ತಾರೆ. ಏಜೆಂಟರ ಮೇಲೆ ಉಸ್ತುವಾರಿಗೆ ಒಬ್ಬ ಡಿ.ಓ. ಸಾಹೇಬರಿದ್ದರು. ತಿಂಗಳಿಗೊಮ್ಮೆ ಬಂದು ಕೇಳುತ್ತಿದ್ದರು:

"ಎಷ್ಟು ಜೀವ ಆಯ್ತು ಹೊಂಬಾಳಯ್ಯ?"

"ಒಂಬತ್ತು ಸಾರ್."

"ಬೇಗ ಬೇಗ ಮುಗಿಸ್ರೀ."

ಚೀಲದೊಳಗೆ ಕೂತು ಮೊದಲ ಸಲ ಇದನ್ನು ಕೇಳಿದಾಗ ನನಗೆ ಹೆದರಿಕೆಯಾಯಿತು. ಎಂಥವನ ಕೈಗೆ ಸಿಕ್ಕಿದೆನಪ್ಪಾ ಎಂದುಕೊಂಡೆ.

ಮೊದಲನೆಯ ವರ್ಷ ಬರೀ ಅಲೆದಾಟ, ಹೇಗೋ ಹನ್ನೆರಡು ತುಂಬಿತು. "ನಾಳೆ ಬನ್ನಿ" ಎಂದವರ ಮನೆಗೆ ನಾಳೆ ಹೋದರೆ ಬೀಗ. ಎರಡನೆಯ ವರ್ಷದ ಆರಂಭದಲ್ಲಿ ಮಾರುಕಟ್ಟೆಯ ಹಮಾಲ ಮುದ್ದಹನುಮ ಒಪ್ಪಿದ. ಅವನ ಹೆಬ್ಬೆಟ್ಟು ನನ್ನ ಮೇಲೆ ಕೂತ ಕ್ಷಣದಲ್ಲಿ ಹಿಂದೆಂದೂ ಆಗದ್ದೊಂದು ಆಯಿತು. ನನ್ನ ಶಾಯಿ ಹಿಂದಕ್ಕೆ ಸರಿಯಿತು. ನಾನು ಬೇಕೆಂದು ಮಾಡಿದ್ದಲ್ಲ. ಕಾಗದದ ಮೇಲೆ ಅಂಚು ಮಾತ್ರ ಮೂಡಿ, ನಡುವೆ ಉದ್ದಿನಕಾಳಿನಷ್ಟು ಬಿಳಿ ಉಳಿಯಿತು.

"ಮಸಿ ಆಗೋಗದೆ ಕಣಣ್ಣ" ಎಂದ ಮುದ್ದಹನುಮ.

ಹೊಂಬಾಳಯ್ಯ ಬಾಟಲಿಯಿಂದ ಶಾಯಿ ಹನಿಸಿ ಮತ್ತೆ ಒತ್ತಿಸಿದ. ಮತ್ತೆ ಅದೇ ಬಿಳಿ. "ಸಾಕು ಬಿಡು" ಎಂದು ಫಾರಂ ಮಡಚಿದ. ಎಂಟು ತಿಂಗಳಾದ ಮೇಲೆ ಹಿಂದಕ್ಕೆ ಬರುತ್ತಿದ್ದ ಲಾರಿಗೂ ಗೋಡೆಗೂ ನಡುವೆ ಸಿಕ್ಕಿ ಮುದ್ದಹನುಮ ತೀರಿಕೊಂಡ.

ಅವನ ಹೆಂಡತಿಗೆ ಓದು ಬರಹ ತಿಳಿಯದು. ಹೊಂಬಾಳಯ್ಯನೇ ಆಸ್ಪತ್ರೆ, ಪೊಲೀಸ್ ಠಾಣೆ, ಶಾಖೆ ಎಂದು ಓಡಾಡಿ ಹತ್ತೊಂಬತ್ತು ದಿನದಲ್ಲಿ ಚೆಕ್ಕು ತಂದುಕೊಟ್ಟ. ಬೀದಿಯೆಲ್ಲ ನೋಡಿತು. ಮಾರನೆಯ ದಿನದಿಂದ ಅವನ ಯೋಗವೇ ತಿರುಗಿತು. ಹಿಂದೆ ಮುಖದ ಮೇಲೆ ಬಾಗಿಲು ಹಾಕಿದವರು ಕರೆದು ಕಾಫಿ ಕೊಟ್ಟರು. ಆ ವರ್ಷ ಮೂವತ್ತನಾಲ್ಕು ಜೀವ ಆಯಿತು. ಡಿ.ಓ. ಸಾಹೇಬರು ಕಲ್ಯಾಣಮಂಟಪದಲ್ಲಿ ಶಾಲು ಹೊದಿಸಿ ಗೋಡೆ ಗಡಿಯಾರ ಕೊಟ್ಟರು. ಗಂಗಲಕ್ಷ್ಮಮ್ಮ ಹೊಸ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದಳಂತೆ. ನಾನು ಅವನ ಚೀಲದಲ್ಲಿದ್ದು ಚಪ್ಪಾಳೆ ಕೇಳಿದೆ. ಹೊಟ್ಟೆ ತುಂಬಿದ ದಿನಗಳು ಅವು, ನನಗೂ ಅವರಿಗೂ.

ಆ ಮೂವತ್ತನಾಲ್ಕರಲ್ಲಿ ಇನ್ನೂ ಇಬ್ಬರ ಹೆಬ್ಬೆಟ್ಟಿಗೆ ನಾನು ಶಾಯಿ ಕೊಟ್ಟಿರಲಿಲ್ಲ. ಒಬ್ಬ ಬಾಯ್ಲರ್ ನೋಡಿಕೊಳ್ಳುವ ನಸೀರ್ ಸಾಬ್, ಇನ್ನೊಬ್ಬಳು ಎಲೆ ಅಡಿಕೆ ಅಂಗಡಿಯ ದೇವೀರಮ್ಮ. ಮುಂದಿನ ಶ್ರಾವಣದಲ್ಲಿ ನಸೀರ್ ಸಾಬ್ ಹೋದ, ದಸರೆ ಕಳೆದು ದೇವೀರಮ್ಮ ಹೋದಳು. ಎರಡು ಮನೆಗೂ ಹೊಂಬಾಳಯ್ಯ ಚೆಕ್ಕು ತಲುಪಿಸಿದ. ಈ ಸಲ ಯಾರೂ ಕಾಫಿ ಕೊಡಲಿಲ್ಲ.

ಊರಿನಲ್ಲಿ ಒಂದು ಮಾತು ಹುಟ್ಟಿತು, ಕೈಗುಣ. ಸೂಲಗಿತ್ತಿಯ ಕೈಗುಣ ಚೆನ್ನಾಗಿದೆ ಎಂದರೆ ಮಗು ಅಳುತ್ತಾ ಹುಟ್ಟುತ್ತದೆ. ಡಾಕ್ಟರ ಕೈಗುಣ ಚೆನ್ನಾಗಿದೆ ಎಂದರೆ ಜ್ವರ ಇಳಿಯುತ್ತದೆ. ವಿಮೆ ಏಜೆಂಟನ ಕೈಗುಣ ಚೆನ್ನಾಗಿದ್ದರೆ ಏನಾಗಬೇಕು? ಚೆಕ್ಕು ಬರಬೇಕು. ಚೆಕ್ಕು ಬರಬೇಕಾದರೆ? ಜನ ಇದನ್ನು ಅರ್ಧ ನಗುತ್ತಾ ಹೇಳುತ್ತಿದ್ದರು, ಹೇಳಿದ ಮೇಲೆ ನಗು ನಿಲ್ಲಿಸುತ್ತಿದ್ದರು. ಅವನ ಸೈಕಲ್ಲು ಬೀದಿಗೆ ಬಂದರೆ ಹೆಂಗಸರು ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು.

ಒಂದು ಮಧ್ಯಾಹ್ನ ಹೊಂಬಾಳಯ್ಯ ತನ್ನ ಹಳೆಯ ಜೆರಾಕ್ಸ್ ಪ್ರತಿಗಳನ್ನು ಹರಡಿಕೊಂಡು ಕೂತ. ಮೂರನ್ನು ಎತ್ತಿ ಪಕ್ಕಪಕ್ಕದಲ್ಲಿಟ್ಟ. ಮೂರು ಹೆಬ್ಬೆಟ್ಟು, ಮೂರರ ನಡುವೆ ಬಿಳಿ. ಉಳಿದದ್ದೆಲ್ಲ ತುಂಬಿ ಮೂಡಿದ್ದವು. ನನ್ನ ಮುಚ್ಚಳ ತೆಗೆದ. ನನ್ನ ಕಡೆ ತಿರುಗಿ, ಮಾತು ಬರುವ ಪ್ರಾಣಿಯನ್ನು ಕೇಳುವ ಹಾಗೆ, "ಏನೋ ಇದು?" ಎಂದ. ಶಾಯಿ ಯಾಕೆ ಹಿಂದೆ ಸರಿಯುತ್ತದೆ ಎಂಬುದು ನನಗೂ ತಿಳಿಯದು.

ಅಂದಿನಿಂದ ಅವನು ಗಿರಾಕಿಗಳಿಗೆ ಸಹಿ ಕಲಿಸತೊಡಗಿದ. ಪಾಲಿಸಿ ಮಾಡಿಸಲು ಒಪ್ಪಿದ ಒಬ್ಬಿಬ್ಬರಿಂದಲೂ ಕೂಡಲೇ ಹೆಬ್ಬೆಟ್ಟು ಒತ್ತಿಸುತ್ತಿರಲಿಲ್ಲ. ಹಾಳೆ ಕೊಟ್ಟು, ಕೈ ಹಿಡಿದು, ಮೂರೋ ನಾಲ್ಕೋ ಅಕ್ಷರ ತಿದ್ದಿಸುತ್ತಿದ್ದ. ಪಾಲಿಸಿ ಬೇಡವೆಂದವರಿಗೂ ತಿದ್ದಿಸಿದ. ಅರುವತ್ತು ದಾಟಿದ ಮುದುಕನೊಬ್ಬ ಎಂಟು ದಿನ ಒದ್ದಾಡಿ ತನ್ನ ಹೆಸರು "ಮರಿಯ" ಎಂದು ಬರೆದ. ಜನಕ್ಕೆ ಇದು ಇನ್ನೂ ವಿಚಿತ್ರವಾಗಿ ಕಂಡಿತು. ನನಗೆ ಕೆಲಸ ತಪ್ಪಿತು. ಬೇಸರವಾಗಲಿಲ್ಲ, ಸುಖವಾಯಿತು.

ಹಾಗೆ ಮೂರನೆಯ ವರ್ಷದ ಮಾರ್ಚ್ ಬಂತು. ಹನ್ನೊಂದಾಗಿತ್ತು. ಆ ಹನ್ನೊಂದಕ್ಕೇ ಅವನ ಚಪ್ಪಲಿ ಸವೆದಿತ್ತು. ಬಸ್ ನಿಲ್ದಾಣದ ಹೋಟೆಲಿನಲ್ಲಿ ಕೂತು ಫೋನಿನಲ್ಲಿ ಡಿ.ಓ. ಸಾಹೇಬರಿಗೆ, "ಹನ್ನೊಂದು ಜೀವ ಆಗದೆ ಸಾರ್, ಇನ್ನೊಂದೇ ಒಂದು ಜೀವ ಬೇಕು, ಎಲ್ಲಾದ್ರೂ ಹುಡುಕ್ತೀನಿ" ಎಂದ. ಯಾರೋ ಬೆಂಚಿನಿಂದ ಎದ್ದು ಹೋದ ಸದ್ದು ಕೇಳಿತು.

ಇಪ್ಪತ್ತೊಂಬತ್ತನೆಯ ತಾರೀಕು ಉರಿಬಿಸಿಲಿನಲ್ಲಿ ಅವನ ಮನೆ ಬಾಗಿಲಿಗೆ ಒಬ್ಬಳು ಹೆಂಗಸು ತಾನಾಗಿ ಬಂದಳು. ಹೆಸರು ಚಿಕ್ಕತಾಯಮ್ಮ, ನೂಲು ತೆಗೆಯುವ ಕೆಲಸದವಳು. ಹೊಂಬಾಳಯ್ಯ ಆಗ ತಾನೇ ಶಾಯಿ ಹನಿಸಿ ನನ್ನ ಮುಚ್ಚಳ ತೆರೆದಿಟ್ಟಿದ್ದ, ಎಲ್ಲ ನನಗೆ ಕಂಡಿತು.

"ನಮ್ಮನೆಯವ್ರು ಮೂಲೇಲಿ ಬೀಡಿ ತಗೊಳಕ್ಕೆ ನಿಂತವ್ರೆ. ಅಷ್ಟರಲ್ಲಿ ಹೇಳ್ಬುಡ್ತೀನಿ ಅಣ್ಣ. ಅವ್ರ ಮೇಲೆ ಒಂದು ಮಾಡ್ಕೊಡಿ."

"ಯಾಕಮ್ಮ ಇಷ್ಟು ಅರ್ಜೆಂಟು?"

"ನಿಮ್ಮ ಕೈಗುಣ ಕೇಳ್ಕಂಡೇ ಬಂದಿವ್ನಿ."

ಅವಳು ಎಡಗೈ ಮುಂದೆ ಮಾಡಿದಳು. ಎರಡು ಬೆರಳು ಸೊಟ್ಟಗೆ ಕೂಡಿಕೊಂಡಿದ್ದವು. "ಇದು ಹೋದ ಯುಗಾದೀಲಿ ಅವ್ರು ಮಾಡಿದ್ದು. ಇನ್ನೂ ಅವೆ. ಅಣ್ಣ ಅಂದ್ಮೇಲೆ ನಿಮಗೆ ತೋರ್ಸಕ್ಕಾಗಲ್ಲ" ಎಂದಳು. ಅವಳ ದನಿಯಲ್ಲಿ ಅಳುವಿರಲಿಲ್ಲ.

ಗಂಡ ಪುಟ್ಟಲಿಂಗ ಒಳಗೆ ಬಂದ. ನಗುಮುಖದವನು, ಕುರ್ಚಿ ತಾನೇ ಎಳೆದುಕೊಂಡು ಕೂತ.

"ಏನಣ್ಣೋ, ಇವಳು ನನ್ನ ಮೇಲೆ ಮಾಡ್ಸು ಅಂತವ್ಳೆ. ದುಡಿಯೋಳು ಇವಳು. ದುಡಿಯೋರ ಮೇಲೆ ತಾನೆ ಮಾಡ್ಸೋದು? ಇವಳ ಹೆಸರೇ ಬರ್ಕಳಿ, ನಾಮಿನಿ ನಾನಾಯ್ತೀನಿ." ಆಮೇಲೆ ದನಿ ತಗ್ಗಿಸಿ, "ನಾನೂ ಕೇಳಿವ್ನಿ ಬುಡಿ, ನಿಮ್ಮ ಕೈಗುಣ" ಎಂದು ಕಣ್ಣು ಮಿಟುಕಿಸಿದ.

ಇಂಥದ್ದನ್ನು ನಾನು ನೋಡಿರಲಿಲ್ಲ. ಗಂಡ ಹೆಂಡತಿಯನ್ನು ಮುಂದೆ ದೂಡುತ್ತಿದ್ದ, ಹೆಂಡತಿ ಗಂಡನನ್ನು. ಇಬ್ಬರಲ್ಲಿ ಯಾರನ್ನು ಬರೆದುಕೊಂಡರೂ ಹೊಂಬಾಳಯ್ಯನ ಹನ್ನೆರಡು ತುಂಬುತ್ತಿತ್ತು. ಅವನ ಏಜೆನ್ಸಿ, ಗಂಗಲಕ್ಷ್ಮಮ್ಮನ ಅಡುಗೆಮನೆ, ಎಲ್ಲ ಆ ಒಂದು ಫಾರಮ್ಮಿನ ಮೇಲೆ ನಿಂತಿತ್ತು. ಅವನು ಒಂದು ಖಾಲಿ ಹಾಳೆ ತೆಗೆದು ನನ್ನನ್ನು ಅವರ ಮುಂದಿಟ್ಟ.

"ಮೊದ್ಲು ಇದ್ರ ಮೇಲೆ ಒತ್ತಿ. ಇಬ್ರೂ."

ಪುಟ್ಟಲಿಂಗನ ಎಡ ಹೆಬ್ಬೆಟ್ಟು ದಪ್ಪಗೆ ಬಂದು ಕೂತಿತು. ತುಂಬಿ ಮೂಡಿತು, ಒಂದು ಗೆರೆಯೂ ತಪ್ಪಲಿಲ್ಲ. ಚಿಕ್ಕತಾಯಮ್ಮ ಬಲಗೈ ಚಾಚಲು ಅನುಮಾನಿಸಿದಳು. ಗಂಡ ಅವಳ ಮಣಿಕಟ್ಟು ಹಿಡಿದು, "ಹಂಗಲ್ಲ, ಹಿಂಗೆ" ಎಂದು ಒತ್ತಿದ. ನನ್ನ ತಗಡು ಕಿರುಗುಟ್ಟುವಷ್ಟು ಜೋರಾಗಿ ಒತ್ತಿದ. ಅವಳು ಉಸಿರು ಬಿಗಿಹಿಡಿದದ್ದು ಬೆರಳಿನಲ್ಲೇ ತಿಳಿಯಿತು. ನನ್ನ ಶಾಯಿ ಹಿಂದಕ್ಕೆ ಸರಿಯಿತು.

ಕಾಗದದ ಮೇಲಿನ ಬಿಳಿಯನ್ನು ಹೊಂಬಾಳಯ್ಯ ನೋಡಿದ. "ಇನ್ನೊಂದು ಸಲ" ಎಂದ. ಮತ್ತೆ ಬಿಳಿ.

"ಬಿಸಿನೀರಿಗೆ ಕೈ ಹಾಕಿ ಹಾಕಿ ಗೆರೆ ಸವೆದೋಗವೆ ಅಣ್ಣ" ಎಂದಳು ಚಿಕ್ಕತಾಯಮ್ಮ.

ಅವನು ನನ್ನ ಮುಚ್ಚಳ ಹಾಕಿದ. "ಆಗಲ್ಲ. ಇಬ್ಬರದ್ದೂ ಆಗಲ್ಲ. ನಾನು ಮಾಡಲ್ಲ."

"ಇನ್ನೊಂದು ಜೀವ ಬೇಕು ಅಂತ ಹೋಟ್ಲಲ್ಲಿ ಅಂತಿದ್ರಂತೆ?" ಎಂದು ಪುಟ್ಟಲಿಂಗ ನಕ್ಕ.

"ಬೇಡ. ಎದ್ದೇಳಿ."

ಗಂಡ ಹೊರಗೆ ಹೋಗಿ ಬೀಡಿ ಹಚ್ಚಿದ. ಹೊಂಬಾಳಯ್ಯ ಒಳಗೆ ಹೋಗಿ ಹೆಂಡತಿಯ ಕಿವಿಯಲ್ಲಿ ಏನೋ ಹೇಳಿದ. ಗಂಗಲಕ್ಷ್ಮಮ್ಮ ಹೊಸ್ತಿಲಿಗೆ ಬಂದು, "ತಾಯಮ್ಮ, ಮುತ್ತೈದೆ ಹಂಗೇ ಹೋಗ್ತೀಯಾ? ಬಾ, ಕುಂಕುಮ ತಗೊಂಡ್ಹೋಗು" ಎಂದು ಕರೆದಳು. ಕುಂಕುಮಕ್ಕೆ ಕರೆದರೆ ಯಾವ ಗಂಡನೂ ಬೇಡವೆನ್ನಲಾರ. ಹಣೆಗೆ ಇಡುತ್ತಾ ಆಕೆ ಪಿಸುಗುಟ್ಟಿದಳು: "ಇವತ್ತೇ ನಿನ್ನ ತವರಿಗೆ ಹೋಗ್ಬುಡು. ಬಟ್ಟೆ ತಗೊಳಕ್ಕೂ ನಿಲ್ಬೇಡ. ಯಾಕೆ ಅಂತ ಕೇಳ್ಬೇಡ." ಚಿಕ್ಕತಾಯಮ್ಮ ಯಾಕೆಂದು ಕೇಳಲಿಲ್ಲ. ಅವಳು ಅಂದೇ ಸಂಜೆಯ ಬಸ್ಸಿಗೆ ಚನ್ನಪಟ್ಟಣಕ್ಕೆ ಹೋದಳಂತೆ.

ಮೂವತ್ತೊಂದನೆಯ ತಾರೀಕು ಡಿ.ಓ. ಸಾಹೇಬರ ಫೋನು ಬಂತು. "ಯಾರೂ ಸಿಗ್ಲಿಲ್ವಾ? ನಿಮ್ಮದೇ ಒಂದು ಮಾಡ್ಬಿಡ್ರೀ. ಎಲ್ಲಾ ಹಂಗೇ ಮಾಡೋದು." ಹೊಂಬಾಳಯ್ಯ ತನ್ನ ಹೆಸರಿನಲ್ಲೇ ಫಾರಂ ತುಂಬಿದ. ಹೆಂಡತಿಯನ್ನು ನಾಮಿನಿ ಮಾಡಿ, ಗುಮಾಸ್ತರ ಚಂದದ ಅಕ್ಷರದಲ್ಲಿ ಸಹಿ ಹಾಕಿದ. ಅಲ್ಲಿಗೆ ಬಿಡಬಹುದಿತ್ತು. ಬಿಡಲಿಲ್ಲ. ಫಾರಂ ಪಕ್ಕಕ್ಕಿಟ್ಟು, ಹಾಳೆಯೊಂದನ್ನು ಎಳೆದುಕೊಂಡು, ತನ್ನ ಎಡ ಹೆಬ್ಬೆಟ್ಟನ್ನು ನನ್ನ ಮೇಲಿಟ್ಟ.

ಮೂರು ವರ್ಷ ನನ್ನನ್ನು ಹೊತ್ತು ತಿರುಗಿದ ಕೈ ಅದು. ಬೇಸಿಗೆಯಲ್ಲಿ ನಾನು ಒಣಗಬಾರದೆಂದು ಒದ್ದೆ ಬಟ್ಟೆಯಲ್ಲಿ ಸುತ್ತಿಡುತ್ತಿದ್ದ ಕೈ. ನಾನು ನನ್ನಲ್ಲಿದ್ದ ಶಾಯಿಯನ್ನೆಲ್ಲ ಮೇಲಕ್ಕೆ ತರಲು ನೋಡಿದೆ. ಆಗಲಿಲ್ಲ.

"ಏನ್ರೀ ಅದು ನೋಡ್ತಾ ಕೂತಿದ್ದೀರಿ?" ಎಂದಳು ಗಂಗಲಕ್ಷ್ಮಮ್ಮ.

"ಏನಿಲ್ಲ. ಶಾಯಿ ಒಣಗದೆ."

ನಾನು ಒಣಗಿರಲಿಲ್ಲ.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಪ್ರತಿ ಬೆಳಿಗ್ಗೆ ದೇವರಿಗೆ ಕೈಮುಗಿದು ಬಂದು ಒಂದು ಹಾಳೆಯ ಮೇಲೆ ಹೆಬ್ಬೆಟ್ಟು ಒತ್ತಿ, ಕೆಳಗೆ ತಾರೀಕು ಬರೆಯುತ್ತಿದ್ದ. ಪ್ರತಿ ಬೆಳಿಗ್ಗೆ ಬಿಳಿ. ಊಟ ಕಡಿಮೆಯಾಯಿತು. ರಸ್ತೆ ದಾಟಲು ಹೆದರುತ್ತಿದ್ದ. ಆದರೆ ಹಣೆಬರಹ ನೋಡಿ, ಅದೇ ವರ್ಷ ಧಂದೆ ಚೆನ್ನಾಗಿ ನಡೆಯಿತು. ಸಹಿ ಕಲಿತವರು ತಾವಾಗಿ ಬಂದರು. ಯಾರಿಗೂ ಏನೂ ಆಗಲಿಲ್ಲ, ಕೈಗುಣದ ಮಾತು ತಣ್ಣಗಾಯಿತು.

ಒಂದು ವರ್ಷ ಕಳೆದ ಮೇಲೆ ಗೂಡಿನ ಮಾರುಕಟ್ಟೆಯಲ್ಲಿ ಚಿಕ್ಕತಾಯಮ್ಮ ಎದುರಾದಳು. ಮೈ ಕೈ ತುಂಬಿಕೊಂಡಿದ್ದಳಂತೆ. "ಚೆನ್ನಾಗಿವ್ನಿ ಅಣ್ಣ, ನಿಮ್ಮ ದಯ" ಎಂದಳು. ನನಗೆ ಜೀವ ಬಂದ ಹಾಗಾಯಿತು. ನೋಡು ಹೊಂಬಾಳಯ್ಯ, ಅವಳದ್ದೂ ಬಿಳಿಯೇ ಬಂದಿತ್ತು, ಬದುಕಿದ್ದಾಳೆ, ನೀನೂ ಬದುಕುತ್ತೀಯೆ ಎಂದು ಚೀಲದೊಳಗಿನಿಂದ ಕೂಗಬೇಕೆನಿಸಿತು. ಮನೆಗೆ ಬಂದು ಅವನು ಹೆಂಡತಿಗೆ ಹೇಳಿದ್ದು ಬೇರೆ: "ಅವಳದ್ದು ಸವೆದ ಬೆರಳು ಕಣೆ. ನಾನು ಎಲ್ಲಿ ಸವೆಸಿದ್ದೆ?"

ಅದಾಗಿ ಹತ್ತು ದಿನಕ್ಕೆ, ಬೆಳಿಗ್ಗೆ ಹನ್ನೊಂದರ ಹೊತ್ತಿನಲ್ಲಿ, ಮಾರುಕಟ್ಟೆಯ ಕಲ್ಲುಬೆಂಚಿನ ಮೇಲೆ ಕೂತವನು ಹಾಗೇ ಒರಗಿದ. ಚೀಲ ತೊಡೆಯ ಮೇಲಿತ್ತು, ನಾನು ಚೀಲದಲ್ಲಿದ್ದೆ. ಅವನ ತೊಡೆ ತಣ್ಣಗಾಗುತ್ತಾ ಹೋದದ್ದು ಮೊದಲು ತಿಳಿದದ್ದು ನನಗೆ. ಸುತ್ತ ಹರಾಜಿನ ಕೂಗು ನಡೆದೇ ಇತ್ತು.

ಪಾಲಿಸಿ ಮಾಡಿಸಿ ಒಂದೇ ವರ್ಷಕ್ಕೆ ತೀರಿಕೊಂಡರೆ ಕಂಪನಿಯವರು ಸುಮ್ಮನೆ ಬಿಡುವುದಿಲ್ಲ. ವಿಚಾರಣೆಗೆ ಒಬ್ಬ ಅಧಿಕಾರಿ ಬಂದ. ಚೀಲ ತೆರೆದು ಹಾಳೆಗಳನ್ನು ಹೊರಗೆಳೆದ. ಮುನ್ನೂರಕ್ಕೂ ಹೆಚ್ಚು ಹೆಬ್ಬೆಟ್ಟು, ಒಂದೊಂದರ ಕೆಳಗೂ ತಾರೀಕು, ಒಂದೊಂದರ ನಡುವೆಯೂ ಬಿಳಿ.

"ಏನಮ್ಮ ಇದು?"

"ಶಾಯಿ ಒಣಗದೆಯಾ ಅಂತ ನೋಡೋರು ಸ್ವಾಮಿ. ದಿನಾ."

ಅಧಿಕಾರಿ ನನ್ನ ಮುಚ್ಚಳ ತೆರೆದ. ಒಣಗಿದೆಯೇ ಎಂದು ನೋಡಲು ತನ್ನ ಹೆಬ್ಬೆಟ್ಟನ್ನೇ ಇಟ್ಟು ಹಾಳೆಯ ಅಂಚಿಗೆ ಒತ್ತಿದ. ನೋಡಿದ. ಕರವಸ್ತ್ರದಲ್ಲಿ ಬೆರಳು ಒರೆಸಿಕೊಂಡು ಕುಡಿಯಲು ನೀರು ಕೇಳಿದ. ಅವನದು ಹೇಗೆ ಮೂಡಿತೆಂದು ನಾನು ಹೇಳುವುದಿಲ್ಲ. ಆಸ್ಪತ್ರೆಯ ಕಾಗದಗಳಲ್ಲಿ ಹಳೆಯ ಕಾಯಿಲೆ ಏನೂ ಸಿಗಲಿಲ್ಲ. ಕ್ಲೈಮು ಪಾಸಾಯಿತು.

ಈಗ ನಾನು ದೇವರ ಗೂಡಿನ ಕೆಳಗಿನ ಕಪಾಟಿನಲ್ಲಿದ್ದೇನೆ. ತಗಡಿಗೆ ತುಕ್ಕು ಹಿಡಿದಿದೆ, ಬಟ್ಟೆ ಒಂದು ಕಡೆ ಹರಿದಿದೆ. ಕತ್ತಲಲ್ಲಿ ಕೂತು ಒಂದೇ ಲೆಕ್ಕ ಹಾಕುತ್ತಿರುತ್ತೇನೆ. ನನಗೆ ಮೊದಲೇ ತಿಳಿಯುತ್ತಿತ್ತೇ? ಅಥವಾ ಸವೆದ ಬೆರಳುಗಳಿಗೆ ಶಾಯಿ ಹತ್ತಲಿಲ್ಲ, ಅಷ್ಟೆಯೇ? ಹಾಗಾದರೆ ಅವನ ಬೆರಳಿಗೆ ಯಾಕೆ ಹತ್ತಲಿಲ್ಲ? ನಾನು ಅವನ ಸಾವನ್ನು ಕಂಡೆನೋ, ಅಥವಾ ದಿನಕ್ಕೊಂದು ಚೂರು ಅವನಿಗೆ ಕೊಟ್ಟೆನೋ? ಗೊತ್ತಿಲ್ಲ. ಅವನನ್ನು ನಾನು ಪ್ರೀತಿಸುತ್ತಿದ್ದೆ ಎಂಬುದಷ್ಟೇ ಗೊತ್ತು.

ನನ್ನ ಮುಚ್ಚಳ ಕೊನೆಯ ಸಲ ತೆರೆದದ್ದು ಆ ಕ್ಲೈಮಿನ ಕಾಗದಕ್ಕೆ. ಡಿ.ಓ. ಸಾಹೇಬರೇ ಮನೆಗೆ ಬಂದಿದ್ದರು. "ಇಲ್ಲಿ ಸಹಿ ಮಾಡಮ್ಮ" ಎಂದು ಪೆನ್ನು ಚಾಚಿದರು. ಗಂಗಲಕ್ಷ್ಮಮ್ಮ ಪೆನ್ನು ಮುಟ್ಟಲಿಲ್ಲ. ಬೀದಿಗೆಲ್ಲ ಅಕ್ಷರ ತಿದ್ದಿಸಿದವನು ಅವಳಿಗೆ ತಿದ್ದಿಸಿರಲಿಲ್ಲ. ಮನೆಯವಳೇ ತಾನೆ, ನಾಳೆ ಕಲಿಸಿದರಾಯಿತು ಎಂದು ಬಿಟ್ಟಿದ್ದ. ಅವಳು ಒಳಗೆ ಹೋಗಿ ನನ್ನನ್ನು ತಂದು, ಬಲ ಹೆಬ್ಬೆಟ್ಟನ್ನು ಇಟ್ಟಳು.

ಅದು ತುಂಬಿ ಮೂಡಿತು. ಕಡುನೇರಳೆ, ಒಂದೊಂದು ಗೆರೆಯೂ ಬಿಡಿಬಿಡಿಯಾಗಿ, ನಡುವೆ ಸಾಸಿವೆಯಷ್ಟೂ ಬಿಳಿಯಿಲ್ಲದೆ. "ಚೆನ್ನಾಗಿ ಬಂದಿದೆ ಬಿಡಮ್ಮ" ಎಂದರು ಸಾಹೇಬರು.

ಗಂಗಲಕ್ಷ್ಮಮ್ಮ ಆ ಗುರುತನ್ನು ಬಹಳ ಹೊತ್ತು ನೋಡಿದಳು. ಗಂಡನ ಹಾಳೆಗಳಲ್ಲಿ ಏನಿತ್ತೆಂದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತೆಂದು ನನಗೆ ಆಗ ತಿಳಿಯಿತು.

"ಹಂಗಾದ್ರೆ ನಾನಿನ್ನೂ ಬಾಳಾ ದಿನ ಇರ್ಬೇಕು" ಎಂದು ಅವಳು ಅಳತೊಡಗಿದಳು.